ಮೊದಲು ಸಲಾಂ, ಆಮೇಲೆ ಮಾತು, ಕಡೆಗೆ ಫೋಟೊ
(ವಾಣಿಜ್ಯ ವಿಭಾಗ – ಅಧ್ಯಯನ ಲೇಖನ)

ನಮ್ಮೂರು ಗೊಟಗೋಡಿಗೆ ಬರುವವರು ಬಸ್ಸಿನಿಂದ ಇಳಿಯುತ್ತಲೇ ಮೊಬೈಲ್ ಹೊರಗೆ ತೆಗೆಯುತ್ತಾರೆ. ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್ ಇದಕ್ಕೆ ಕಾರಣ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಿನ ಈ ಉದ್ಯಾನದಲ್ಲಿ ರೈತರು, ಕಸುಬುದಾರರು, ಮನೆಗೆಲಸದ ಹೆಣ್ಣುಮಕ್ಕಳು ಎಲ್ಲರೂ ಆಳೆತ್ತರದ ಸಿಮೆಂಟ್ ಮೂರ್ತಿಗಳಾಗಿ ನಿಂತಿದ್ದಾರೆ. ಅವರ ಹೆಗಲ ಮೇಲೆ ಕೈ ಹಾಕಿ ಎಷ್ಟು ಫೋಟೊ ತೆಗೆದರೂ ಅವರು "ಯಾಕೆ?" ಎಂದು ಕೇಳುವುದಿಲ್ಲ. ಅದೇ ಊರಿನಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೆ. ಅಲ್ಲಿನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಹೋದಾಗ ಹಾಡುವವರ ಹೆಸರು, ಊರು ಕೇಳಿ, ಒಪ್ಪಿಗೆ ಪಡೆದು ಆಮೇಲೆ ರೆಕಾರ್ಡ್ ಮಾಡುತ್ತಾರೆ. ಮನುಷ್ಯರನ್ನು ನೋಡುವ ಎರಡು ಬಗೆ ಇವು. ನಗರದ ಬೀದಿಯಲ್ಲಿ ಮಲಗುವವರನ್ನು ನಾವು ಯಾವ ಬಗೆಯಲ್ಲಿ ನೋಡುತ್ತೇವೆ ಎಂಬುದೇ ಈ ಲೇಖನದ ವಿಷಯ.

ವಾಣಿಜ್ಯ ಸಂಘದಿಂದ ನಮಗೆ ಕೊಟ್ಟ ಪ್ರಾಜೆಕ್ಟ್ "ನಗರದ ಅಸಂಘಟಿತ ದುಡಿಮೆ". ಫೋಟೊಗಳೊಂದಿಗೆ ಬರೆಯಬೇಕು ಎಂದು ಸೂಚನೆ ಇತ್ತು. ದಸರಾ ರಜೆಯಲ್ಲಿ ನಾನು ಎಂಟು ದಿನ ಅಬ್ಬಾ ಅವರ ತರಕಾರಿ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋಗಿ ಬಂದೆ. ಅಲ್ಲಿ ಕಂಡದ್ದು, ಓದಿ ತಿಳಿದದ್ದು ಎರಡನ್ನೂ ಇಲ್ಲಿ ಕೊಟ್ಟಿದ್ದೇನೆ.

ವಸತಿರಹಿತರು ಎಂದರೆ ಯಾರು?

ನಮ್ಮ ಮನೆಯ ಉರ್ದುವಿನಲ್ಲಿ "ಬೇಘರ್" ಎನ್ನುತ್ತೇವೆ. ಸರ್ಕಾರಿ ಕನ್ನಡದಲ್ಲಿ "ವಸತಿರಹಿತರು". ಜನಗಣತಿಯ ವ್ಯಾಖ್ಯೆ ಹೀಗಿದೆ: ಕಟ್ಟಡದಲ್ಲಿ ವಾಸಿಸದೆ ರಸ್ತೆ ಬದಿಯಲ್ಲಿ, ಫುಟ್‌ಪಾತಿನಲ್ಲಿ, ದೊಡ್ಡ ಸಿಮೆಂಟ್ ಪೈಪುಗಳಲ್ಲಿ, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಕೆಳಗೆ, ಪೂಜಾಸ್ಥಳಗಳ ಬಯಲಿನಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇರುವವರು. ಇವರನ್ನು ಹಗಲು ಎಣಿಸಲು ಆಗುವುದಿಲ್ಲ, ಏಕೆಂದರೆ ಹಗಲು ಇವರು ಕೆಲಸದಲ್ಲಿರುತ್ತಾರೆ. ಆದ್ದರಿಂದ 2011ರ ಜನಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿ ಇವರನ್ನು ಎಣಿಸಲಾಯಿತು.

ಆ ಒಂದು ರಾತ್ರಿಯ ಲೆಕ್ಕದಲ್ಲಿ ದೇಶದಲ್ಲಿ ಸಿಕ್ಕವರು ಸುಮಾರು 17.73 ಲಕ್ಷ ಜನ. ಕರ್ನಾಟಕದಲ್ಲಿ 76,735. ನಮ್ಮ ರಾಜ್ಯದ ಆಗಿನ ಜನಸಂಖ್ಯೆ 6.11 ಕೋಟಿ. ಭಾಗಿಸಿ ನೋಡಿದರೆ ಸುಮಾರು 800 ಜನರಲ್ಲಿ ಒಬ್ಬರು. ಇನ್ನೊಂದು ಅಂಕಿ ನನಗೆ ಆಶ್ಚರ್ಯ ತಂದಿತು. ದೇಶದ ಈ 17.73 ಲಕ್ಷ ಜನರಲ್ಲಿ 9.38 ಲಕ್ಷ ಜನ ನಗರದವರು, ಉಳಿದ 8.35 ಲಕ್ಷ ಜನ ಹಳ್ಳಿಯವರು. ಬೀದಿಯಲ್ಲಿ ಮಲಗುವುದು ನಗರದ ಸಮಸ್ಯೆ ಮಾತ್ರ ಎಂದು ನಾವು ಹಳ್ಳಿಯವರು ಹೇಳುವಂತಿಲ್ಲ.

ಅಬ್ಬಾ ಹಾಕಿದ ಷರತ್ತು

ನಮ್ಮ ಗಾಡಿ ನಸುಕಿನಲ್ಲಿ ಊರು ಬಿಟ್ಟರೆ ಬೆಳಕು ಹರಿಯುವ ಮೊದಲೇ ಹುಬ್ಬಳ್ಳಿ ಪೇಟೆಯಲ್ಲಿರುತ್ತದೆ. ಆ ಹೊತ್ತಿಗೆ ಶಟರ್ ಎಳೆದ ಅಂಗಡಿಗಳ ಕಟ್ಟೆ ಮೇಲೆ ಸಾಲಾಗಿ ಜನ ಮಲಗಿರುತ್ತಾರೆ. ಕೆಲವರಿಗೆ ಚಾದರ ಇದೆ, ಕೆಲವರಿಗೆ ತರಕಾರಿ ಚೀಲವೇ ಚಾದರ. ತಲೆಯ ಕೆಳಗೆ ಚಪ್ಪಲಿ ಇಟ್ಟುಕೊಂಡಿರುತ್ತಾರೆ. ಅದು ದಿಂಬಿಗಾಗಿ ಅಲ್ಲ, ಚಪ್ಪಲಿ ಕಳುವಾಗಬಾರದು ಎಂದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ, 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವಾದ ರೈಲ್ವೆ ಪ್ಲಾಟ್‌ಫಾರ್ಮ್ ಇದೇ ಊರಿನಲ್ಲಿದೆ. ಆದರೆ ಟಿಕೆಟ್ ಇಲ್ಲದವರಿಗೆ ಅಲ್ಲಿ ಆರು ಅಡಿ ಜಾಗವೂ ಸಿಗುವುದಿಲ್ಲ. ಹಾಗಾಗಿ ಅಂಗಡಿ ಕಟ್ಟೆಗಳೇ ಗತಿ.

ಮೊದಲ ದಿನ ನಾನು ಮೊಬೈಲ್ ಕೇಳಿದಾಗ ಅಬ್ಬಾ ಕೊಡಲಿಲ್ಲ. "ಮಲಗಿದವರ ಫೋಟೊ ತೆಗೆಯಬಾರದು. ನಮ್ಮ ಮನೆಯಲ್ಲಿ ನೀನು ಮಲಗಿದ್ದಾಗ ಯಾರಾದರೂ ಬಂದು ತೆಗೆದರೆ? ಮೊದಲು ಸಲಾಂ, ಆಮೇಲೆ ಮಾತು, ಕಡೆಗೆ ಫೋಟೊ" ಎಂದರು. ಮೂರು ದಿನ ಫೋಟೊ ಇಲ್ಲದೆ ಬರೀ ಮಾತು ನಡೆಯಿತು. ಅಬ್ಬಾ ಇಪ್ಪತ್ತು ವರ್ಷದಿಂದ ಆ ಪೇಟೆಗೆ ಹೋಗುತ್ತಾರೆ, ಅವರ ಪರಿಚಯದವರು ಇದ್ದರು. ಅದರಿಂದಲೇ ನನಗೆ ಮಾತಾಡಲು ಧೈರ್ಯ ಬಂತು.

ಮನೆ ಇಲ್ಲದವರ ಖರ್ಚಿನ ಲೆಕ್ಕ

ಮೊದಲು ಮಾತಾಡಿದವರು ಹಮಾಲಿ ಕೆಲಸ ಮಾಡುವ ಒಬ್ಬ ಕಾಕಾ. ವಯಸ್ಸು ಐವತ್ತರ ಮೇಲೆ. ಅವರಿಗೆ ಊರಿನಲ್ಲಿ ಮನೆ ಇದೆ, ಹೆಂಡತಿ ಮಕ್ಕಳಿದ್ದಾರೆ. ಆದರೆ ಊರಿನಲ್ಲಿ ದುಡಿಮೆ ಇಲ್ಲ. ದುಡಿಮೆ ಇರುವ ಹುಬ್ಬಳ್ಳಿಯಲ್ಲಿ ಮನೆ ಇಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗಿ ಹಣ ಕೊಟ್ಟು ಬರುತ್ತಾರೆ. "ನಾ ಭಿಕ್ಷಾ ಬೇಡಾಂವ ಅಲ್ಲ ತಂಗಿ. ನೋಡಿದವ್ರು ಹಂಗ ತಿಳೀತಾರ" ಎಂದರು.

ನಾನು ಕಾಮರ್ಸ್ ಓದುತ್ತಿದ್ದೇನೆ ಎಂದು ಹೇಳಿದಾಗ, "ಹಂಗಾದ್ರ ನನ್ನ ಲೆಕ್ಕ ಬರಿ" ಎಂದು ನಕ್ಕರು. ಬರೆದೆ. ಒಂದು ದಿನದ ಅವರ ಖರ್ಚು ರೂಪಾಯಿಗಳಲ್ಲಿ ಹೀಗಿದೆ:

ಶೌಚಾಲಯ, ಎರಡು ಸಲ – 10
ಸ್ನಾನ – 20
ಚಹಾ, ಎರಡು ಸಲ – 20
ಬೆಳಗಿನ ನಾಷ್ಟಾ – 40
ಮಧ್ಯಾಹ್ನದ ಊಟ – 70
ರಾತ್ರಿ ಊಟ – 70
ಮೊಬೈಲ್ ಚಾರ್ಜ್ – 10
ಬಟ್ಟೆ ಚೀಲ ಅಂಗಡಿಯಲ್ಲಿ ಇಡಲು – 10
ಒಟ್ಟು – 250

ತಿಂಗಳಿಗೆ 7,500 ರೂಪಾಯಿ. ಇದರಲ್ಲಿ ಊಟ, ಚಹಾಕ್ಕೆ ಮಾತ್ರ ದಿನಕ್ಕೆ 200, ಅಂದರೆ ತಿಂಗಳಿಗೆ 6,000. ಮನೆಗೆ ಬಂದು ಅಮ್ಮಿಯ ಹತ್ತಿರ ನಮ್ಮ ಲೆಕ್ಕ ಕೇಳಿದೆ. ಐದು ಜನರಿಗೆ ದಿನಸಿ, ಹಾಲು, ತರಕಾರಿ, ಗ್ಯಾಸ್ ಎಲ್ಲ ಸೇರಿ ತಿಂಗಳಿಗೆ ಸುಮಾರು 9,500. ತಲೆಗೆ 1,900. ಅಂದರೆ ಮನೆ ಇಲ್ಲದ ಒಬ್ಬ ಮನುಷ್ಯ ತನ್ನ ಹೊಟ್ಟೆಗೆ ನಮ್ಮ ಮನೆಯ ಒಬ್ಬರಿಗಿಂತ ಮೂರು ಪಟ್ಟು ಹೆಚ್ಚು ಖರ್ಚು ಮಾಡುತ್ತಿದ್ದಾನೆ.

ಕಾರಣ ನಮ್ಮ ಪಠ್ಯಪುಸ್ತಕದಲ್ಲೇ ಇದೆ. ಮನೆ ಎಂದರೆ ಸ್ಥಿರ ಬಂಡವಾಳ. ಒಲೆ ಇದ್ದರೆ ಅಕ್ಕಿ ಬೇಯಿಸಬಹುದು, ಇಲ್ಲದಿದ್ದರೆ ಬೇಯಿಸಿದ ಅನ್ನವನ್ನೇ ಕೊಳ್ಳಬೇಕು. ಡಬ್ಬಿ ಇಡಲು ಜಾಗ ಇದ್ದರೆ ತಿಂಗಳ ಸಾಮಾನು ಒಟ್ಟಿಗೆ ತರಬಹುದು, ಇಲ್ಲದಿದ್ದರೆ ದಿನದ್ದು ದಿನಕ್ಕೆ ದುಬಾರಿಗೆ ಕೊಳ್ಳಬೇಕು. ಬಾಗಿಲಿಗೆ ಕೀಲಿ ಇದ್ದರೆ ಉಳಿತಾಯ ಉಳಿಯುತ್ತದೆ, ಇಲ್ಲದಿದ್ದರೆ ರಾತ್ರಿ ಜೇಬು ಖಾಲಿಯಾಗುತ್ತದೆ. ಹಾಗಾದರೆ ಖೋಲಿ ಬಾಡಿಗೆಗೆ ಏಕೆ ಹಿಡಿಯುವುದಿಲ್ಲ? ಖೋಲಿಗೆ ಮೊದಲು ಡಿಪಾಸಿಟ್ ಕೊಡಬೇಕು. ಡಿಪಾಸಿಟ್ ಕೂಡಿಡಲು ಕೀಲಿ ಹಾಕುವ ಖೋಲಿ ಬೇಕು. ಇದು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಇಂದಿರಾ ಕ್ಯಾಂಟೀನಿನಲ್ಲಿ ನಾಷ್ಟಾಕ್ಕೆ 5, ಊಟಕ್ಕೆ 10 ರೂಪಾಯಿ. ಅಲ್ಲಿ ಮೂರು ಹೊತ್ತು ಉಂಡರೆ ದಿನಕ್ಕೆ 25ರಲ್ಲಿ ಮುಗಿಯುತ್ತದೆ. ಅದನ್ನು ಕೇಳಿದಾಗ ಕಾಕಾ ಹೇಳಿದ್ದು: "ಖರೇ ಐತಿ. ಆದ್ರ ಅಲ್ಲಿ ಹೋಗಿ ಪಾಳಿ ಹಚ್ಚಿ ಬರೂದ್ರಾಗ ಇಲ್ಲಿ ಒಂದು ಗಾಡಿ ಖಾಲಿ ಆಗಿರ್ತದ. ಆ ಪಗಾರ ಹೋಗ್ತದ." ಕೆಲಸದ ಹತ್ತಿರ ಇರುವುದೇ ಅವರ ಬದುಕು.

ಇದೇ ಮಾತು ಸುಪ್ರೀಂ ಕೋರ್ಟಿನಲ್ಲೂ ಚರ್ಚೆಯಾಗಿದೆ. 1981ರಲ್ಲಿ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ತೆರವು ಮಾಡಲು ಹೊರಟಾಗ ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಕೆಲವು ಫುಟ್‌ಪಾತ್ ವಾಸಿಗಳು ಕೋರ್ಟಿಗೆ ಹೋದರು. 1985ರ ತೀರ್ಪಿನಲ್ಲಿ ಕೋರ್ಟ್, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ದುಡಿಮೆಯ ಹತ್ತಿರ ಇರಲೆಂದೇ ಜನ ಫುಟ್‌ಪಾತಿನಲ್ಲಿ ಇರುತ್ತಾರೆ ಎಂಬುದನ್ನು ಒಪ್ಪಿತು. ಆದರೂ ನೋಟಿಸ್ ಕೊಟ್ಟು, ಕಾನೂನಿನ ಪ್ರಕಾರ ತೆರವು ಮಾಡಬಹುದು ಎಂದೂ ಹೇಳಿತು. ಹಕ್ಕು ಸಿಕ್ಕಿತು, ಮನೆ ಸಿಗಲಿಲ್ಲ.

ಫೋಟೊ ಬೇಡ ಎಂದ ಅಜ್ಜಿ

ನಾಲ್ಕನೆಯ ದಿನ ಮೊಬೈಲ್ ನನ್ನ ಕೈಗೆ ಬಂತು. ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುವ ಅಜ್ಜಿಯ ಜೊತೆ ಅಷ್ಟರಲ್ಲಿ ಪರಿಚಯವಾಗಿತ್ತು. ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯುವುದು, ಬೆಳ್ಳುಳ್ಳಿ ಸುಲಿಯುವುದು ಅವರ ಕೆಲಸ. "ಅಜ್ಜಿ, ಒಂದು ಫೋಟೊ ತಗೀಲೇನ್ರಿ?" ಎಂದು ಕೇಳಿದೆ.

"ಬ್ಯಾಡವ್ವಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕಾರಣ ಹೇಳಿದರು. "ನನ್ನ ಮಗಳ ಗಂಡನ ಮನಿಯವ್ರು ಮೊಬೈಲ್ ನೋಡ್ತಾರ. ನಮ್ಮವ್ವ ಊರಾಗ ಆರಾಮ ಅದಾಳ ಅಂತ ಆಕಿ ಅತ್ತಿ ಮುಂದ ಹೇಳ್ಯಾಳ. ನನ್ನ ಮಾರಿ ಇಲ್ಲಿ ಕಂಡ್ರ ಮಾತು ಬರೂದು ನನಗಲ್ಲ, ಆಕಿಗೆ."

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಜ್ಜಿಗೆ ಮಳೆಗಿಂತ, ಚಳಿಗಿಂತ ದೊಡ್ಡ ಭಯ ಒಂದು ಫೋಟೊ. ಆ ಫೋಟೊ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ತೆಗೆಯುವವರ ಕೈಯಲ್ಲಿ ಇರುವುದಿಲ್ಲ. ವಾಟ್ಸಾಪಿನಲ್ಲಿ ಒಮ್ಮೆ ಹೋದದ್ದನ್ನು ಯಾರೂ ವಾಪಸ್ ತರಲಾರರು. "ಮಾರಿ ಬ್ಯಾಡ, ಬೇಕಾದ್ರ ನನ್ನ ಗಂಟು ತಗೀ" ಎಂದು ಅಜ್ಜಿಯೇ ದಾರಿ ತೋರಿಸಿದರು. ಹಳೆಯ ಇಳಕಲ್ ಸೀರೆಯಲ್ಲಿ ಕಟ್ಟಿದ ಗಂಟು, ಅದರ ಮೇಲೆ ಒಂದು ಸ್ಟೀಲ್ ಲೋಟ. ನನ್ನ ಪ್ರಾಜೆಕ್ಟಿನ ಮೊದಲ ಫೋಟೊ ಅದೇ. ಈ ಮಾತನ್ನು ಬರೆಯಲೇ ಎಂದೂ ಕೇಳಿದೆ. "ಹೆಸರು, ಊರು ಬ್ಯಾಡ. ಉಳಿದದ್ದು ಬರಿ" ಎಂದರು. ಹಾಗೆಯೇ ಬರೆದಿದ್ದೇನೆ.

ಫೋಟೊ ಬೇಕು ಎಂದ ಚಾಚಾ

ಇನ್ನೊಬ್ಬರು ಉರ್ದು ಮಾತಾಡುವ ಚಾಚಾ. ವಯಸ್ಸು ಅರವತ್ತಾರು. ಒಂದು ಕಾಲದಲ್ಲಿ ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಗಳಿಗೆ ಸ್ಟೀಲ್ ಬಂತು, ಆಮೇಲೆ ನಾನ್‌ಸ್ಟಿಕ್ ಬಂತು, ಕಲಾಯಿ ಹೋಯಿತು. ಈಗ ಗೋದಾಮಿನ ಮುಂದೆ ಕಾವಲು ಮಲಗುತ್ತಾರೆ. ಅವರನ್ನು ಕೇಳಿದಾಗ ಬಂದ ಉತ್ತರ ಬೇರೆಯೇ: "ಬೇಟಿ, ನಿಕಾಲ್ನಾ ಹೈ ತೋ ಆಫೀಸ್ ಕೆ ಕಾಮ್ ಕಾ ನಿಕಾಲೋ." ತೆಗೆಯುವುದಾದರೆ ಕಚೇರಿಗೆ ಬರುವಂಥದ್ದು ತೆಗಿ ಎಂದು. ಅವರಿಗೆ ಬೇಕಾಗಿದ್ದು ಪಾಸ್‌ಪೋರ್ಟ್ ಅಳತೆಯ ಫೋಟೊ.

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ವರ್ಷ ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ ಪಿಂಚಣಿ ಇದೆ. ಚಾಚಾಗೆ ಅದು ಗೊತ್ತು. ಆದರೆ ಅವರ ಚೀಲ ಕಳುವಾದಾಗ ಆಧಾರ್ ಕಾರ್ಡೂ ಹೋಗಿತ್ತು. ಕಾರ್ಡ್ ಕಳೆದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮತ್ತೆ ಪ್ರತಿ ಪಡೆಯಬಹುದು ಎಂಬುದು ಅವರಿಗೆ ಯಾರೂ ಹೇಳಿರಲಿಲ್ಲ. ಅಬ್ಬಾ ಅವರನ್ನು ಕರೆದುಕೊಂಡು ಹೋಗಿ ಪ್ರತಿ ತೆಗೆಸಿದರು. ನಾನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದೆ. ಸ್ಟುಡಿಯೊದಲ್ಲಿ ಎಂಟು ಪ್ರತಿಗೆ 60 ರೂಪಾಯಿ ಆಯಿತು. ಚಾಚಾ ಅದರಲ್ಲಿ 30 ತಾವೇ ಕೊಟ್ಟರು. ಬೇಡ ಎಂದರೂ ಕೇಳಲಿಲ್ಲ. ಅರ್ಜಿಯನ್ನು ಅವರ ಊರಿನ ಕಡೆಯ ನಾಡಕಚೇರಿಯಲ್ಲಿ ಕೊಟ್ಟು ಬಂದಿದ್ದಾರೆ. ಇದನ್ನು ಬರೆಯುವ ದಿನದವರೆಗೆ ಮಂಜೂರಾಗಿಲ್ಲ.

ಎಂಟು ದಿನದಲ್ಲಿ ನಾನು ತೆಗೆದ ಫೋಟೊಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರುವುದಿದ್ದರೆ ಇದೊಂದೇ. ಇದರಲ್ಲಿ ಕಣ್ಣೀರಿಲ್ಲ, ಸುಕ್ಕುಗಳ ಮೇಲೆ ಬಿದ್ದ ಬೆಳಕಿಲ್ಲ. ತಲೆ ಬಾಚಿಕೊಂಡು ನೆಟ್ಟಗೆ ನಿಂತ ಒಬ್ಬ ಮನುಷ್ಯ ಮಾತ್ರ ಇದ್ದಾರೆ.

ಜಗತ್ತಿನ ಕ್ಯಾಮೆರಾಗಳು ಕಲಿಸಿದ್ದು

ಬಡವರ ಫೋಟೊ ತೆಗೆಯುವುದೇ ತಪ್ಪೇ? ಹಾಗೆ ಹೇಳಲು ಆಗುವುದಿಲ್ಲ. ಕೆಲವು ಉದಾಹರಣೆಗಳನ್ನು ನೋಡೋಣ.

ಜೇಕಬ್ ರೀಸ್ ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋದವರು. ಕೆಲಸವಿಲ್ಲದ ದಿನಗಳಲ್ಲಿ ನ್ಯೂಯಾರ್ಕಿನ ಪೊಲೀಸ್ ಠಾಣೆಗಳ ತಂಗುಕೋಣೆಗಳಲ್ಲಿ ತಾವೇ ಮಲಗಿದ್ದರು. ಮುಂದೆ ಪತ್ರಕರ್ತರಾಗಿ, ಆಗ ಹೊಸದಾಗಿದ್ದ ಫ್ಲ್ಯಾಶ್ ಪುಡಿಯನ್ನು ಬಳಸಿ ಬಡವರ ಕತ್ತಲೆ ಕೋಣೆಗಳ ಫೋಟೊ ತೆಗೆದು 1890ರಲ್ಲಿ ಪುಸ್ತಕ ತಂದರು. ಅದನ್ನು ಓದಿದವರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಒಬ್ಬರು. ಅವರು ನ್ಯೂಯಾರ್ಕ್ ಪೊಲೀಸ್ ಮಂಡಳಿಯಲ್ಲಿದ್ದಾಗ, 1896ರಲ್ಲಿ, ಆ ಕೊಳಕು ತಂಗುಕೋಣೆಗಳು ಮುಚ್ಚಿದವು. ಫೋಟೊಗಳಿಂದ ಸಮಾಜ ಎಚ್ಚರವಾಯಿತು, ನಿಜ. ಆದರೆ ನಡುರಾತ್ರಿ ಬಾಗಿಲು ತೆರೆದು ಫಕ್ಕನೆ ಬೆಂಕಿಯ ಬೆಳಕು ಹೊಡೆಸಿದಾಗ ಮಲಗಿದವರಿಗೆ ಏನನ್ನಿಸಿತು ಎಂಬುದನ್ನೂ ಕೇಳಬೇಕಲ್ಲವೇ?

ಡೊರೊಥಿಯಾ ಲ್ಯಾಂಗ್ 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಫೋಟೊ ತೆಗೆದರು. "ಮೈಗ್ರಂಟ್ ಮದರ್" ಎಂದು ಅದು ಜಗತ್ಪ್ರಸಿದ್ಧ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ತಾಯಿಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಲ್ಯಾಂಗ್ ಅವರ ಹೆಸರನ್ನೇ ಕೇಳಿರಲಿಲ್ಲ. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ, ಅಂದರೆ 42 ವರ್ಷಗಳ ನಂತರ. ಆ ಫೋಟೊ ತೆಗೆಸಿಕೊಳ್ಳದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಪೈಸೆಯೂ ಬರಲಿಲ್ಲ ಎಂದು ಅವರು ನೊಂದು ಹೇಳಿದರು. ಊಟಕ್ಕಾಗಿ ಕಾರಿನ ಟೈರ್ ಮಾರಿದ್ದರು ಎಂಬ ವಿವರಣೆ ಕೂಡ ತಪ್ಪು ಎಂದು ಅವರ ಮನೆಯವರು ಹೇಳಿದರು. ಚಿತ್ರ ಸತ್ಯವಾಗಿದ್ದರೂ ಅದರ ಕೆಳಗಿನ ಸಾಲು ಸುಳ್ಳಾಗಬಹುದು. ಇನ್ನೊಂದು ಮುಖವೂ ಇದೆ: 1983ರಲ್ಲಿ ಅವರು ಕಾಯಿಲೆ ಬಿದ್ದಾಗ, ಆ ಚಿತ್ರದ ನೆನಪಿನಿಂದಲೇ ಜನ 30,000 ಡಾಲರಿಗೂ ಹೆಚ್ಚು ಹಣ ಕಳುಹಿಸಿದರು.

ಮೂರನೆಯವರು ಇಂಗ್ಲೆಂಡಿನ ಲೀ ಜೆಫ್ರೀಸ್. ಕಾಮರ್ಸ್ ಗೆಳೆಯರೇ, ಅವರು ವೃತ್ತಿಯಲ್ಲಿ ಅಕೌಂಟೆಂಟ್! 2008ರಲ್ಲಿ ಮ್ಯಾರಥಾನ್ ಓಟಕ್ಕೆಂದು ಲಂಡನ್ನಿಗೆ ಹೋದಾಗ ಬೀದಿಯಲ್ಲಿ ಮಲಗಿದ್ದ ಹುಡುಗಿಯೊಬ್ಬಳ ಫೋಟೊವನ್ನು ದೂರದಿಂದ ತೆಗೆದರು. ಅವಳು ಅದನ್ನು ಕಂಡು ಕೂಗಾಡಿದಳು. ಅವರು ಓಡಿಹೋಗಲಿಲ್ಲ. ರಸ್ತೆ ದಾಟಿ, ಅವಳ ಹತ್ತಿರ ಹೋಗಿ ಮಾತಾಡಿದರು. ಅಂದಿನಿಂದ ಮೊದಲು ಪರಿಚಯ, ಆಮೇಲೆ ಫೋಟೊ ಎಂಬುದು ಅವರ ಪದ್ಧತಿಯಾಯಿತು.

ನಮ್ಮ ರಾಜ್ಯದವರೇ ಆದ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರನ್ನೇ ಹೆಚ್ಚು ಚಿತ್ರಿಸಿದ ಪತ್ರಿಕಾ ಛಾಯಾಗ್ರಾಹಕರು. ಯುನಿಸೆಫ್‌ಗಾಗಿ ಮಕ್ಕಳ ಚಿತ್ರಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಪಡೆದರು. ಅವರ ಚಿತ್ರಗಳಲ್ಲಿ ಬಡವರು ನಗುತ್ತಾರೆ, ಆಡುತ್ತಾರೆ, ಕೆಲಸ ಮಾಡುತ್ತಾರೆ. ಬಡತನವೇ ಅವರ ಪೂರ್ತಿ ಗುರುತಾಗಿ ಕಾಣುವುದಿಲ್ಲ.

ದಾನದ ರೀಲ್ಸ್ ಮತ್ತು ವೋಚರ್

ಈ ವಿಷಯ ತರಗತಿಯಲ್ಲಿ ಮಾತಿಗೆ ಬಂದಾಗ ಗೆಳತಿಯೊಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು: "ಮುಖ ತೋರಿಸದಿದ್ದರೆ ಯಾರ ಮನಸ್ಸು ಕರಗುತ್ತದೆ? ಊಟದ ಪೊಟ್ಟಣ ಹಂಚಿದ ವಿಡಿಯೊ ಹಾಕಿದರೆ ತಾನೇ ಇನ್ನೂ ನಾಲ್ಕು ಜನ ಹಣ ಕೊಡುವುದು? ಕೊಟ್ಟವರಿಗೆ ಲೆಕ್ಕವೂ ಬೇಕಲ್ಲ?"

ಅವಳ ಮಾತಿನಲ್ಲಿ ಸತ್ಯವಿದೆ. ಲೆಕ್ಕ ಖಂಡಿತ ಬೇಕು. ಆದರೆ ಖರ್ಚಿಗೆ ಸಾಕ್ಷಿ ಯಾವುದು ಎಂದು ನಾವು ಓದಿದ್ದೇವೆ: ವೋಚರ್. ಅಕ್ಕಿ ಅಂಗಡಿಯ ಬಿಲ್, ಪೊಟ್ಟಣಗಳ ಸಂಖ್ಯೆ, ಹಂಚಿದ ದಿನಾಂಕ, ಇಬ್ಬರ ಸಹಿ ಇದ್ದರೆ ಲೆಕ್ಕ ಪೂರ್ತಿ. ಪಡೆದವರ ಮುಖ ವೋಚರ್ ಅಲ್ಲ. ಪೊಟ್ಟಣ ಅವರಿಗೆ ಜಮಾ, ಅವರ ಮುಖ ನಮ್ಮ ಖಾತೆಗೆ ಜಮಾ ಎಂದಾದರೆ ಅದು ದಾನವಲ್ಲ, ವ್ಯಾಪಾರ. ಹಸಿದವರು "ಫೋಟೊ ಬೇಡ" ಎಂದು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಕೇಳಿದ ಒಪ್ಪಿಗೆ ಒಪ್ಪಿಗೆಯಲ್ಲ.

ನಮ್ಮ ಮನೆಯಲ್ಲಿ ರಂಜಾನ್ ತಿಂಗಳಲ್ಲಿ ಜಕಾತ್ ಲೆಕ್ಕ ಹಾಕುವುದು ಈಗ ನನ್ನ ಪಾಲಿಗೆ ಬಂದಿದೆ. ಉಳಿತಾಯದ ಶೇ. 2.5. ಜಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರ ಜೊತೆ ದಾರಿಹೋಕರೂ ಇದ್ದಾರೆ. ಲಕೋಟೆಯನ್ನು ದಾದಿ ಕೊಡುವ ರೀತಿ ನೋಡಿದ್ದೇನೆ. ಸೆರಗಿನ ಮರೆಯಲ್ಲಿ, ಪಕ್ಕದವರಿಗೂ ಕಾಣದಂತೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲೂ ಸಾಲಿನಲ್ಲಿ ಕೂತವರೆಲ್ಲರಿಗೂ ಒಂದೇ ಪ್ರಸಾದ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಭಾವನೆ ಬರದಂತೆ ಕೊಡುವುದು ನಮ್ಮ ನಾಡಿನ ಎಲ್ಲರ ಮನೆಯಲ್ಲೂ ಇರುವ ಪದ್ಧತಿ.

ಫೋಟೊ ತೆಗೆಯುವ ಮೊದಲು

ನಮ್ಮ ಪ್ರಾಜೆಕ್ಟ್ ತಂಡ ಐದು ನಿಯಮಗಳನ್ನು ಒಪ್ಪಿಕೊಂಡಿದೆ.

1. ಮಲಗಿದವರ, ಉಣ್ಣುತ್ತಿರುವವರ, ಕುಡಿದವರ, ಮಾನಸಿಕ ಕಾಯಿಲೆಯಿಂದ ಬಳಲುವವರ ಫೋಟೊ ತೆಗೆಯುವುದಿಲ್ಲ. ಅವರು ಒಪ್ಪಿಗೆ ಕೊಡಲು ಸಾಧ್ಯವಿಲ್ಲ.

2. ಬೀದಿ ಮಕ್ಕಳ ಮುಖ ಪ್ರಕಟಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮನೆಯಿಲ್ಲದ ಮಗು ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗು. ಅಂಥ ಮಗುವಿನ ಪ್ರಕರಣದ ವರದಿಯಲ್ಲಿ ಹೆಸರು, ವಿಳಾಸ, ಫೋಟೊ ಕೊಡುವುದನ್ನು 74ನೇ ಕಲಂ ನಿಷೇಧಿಸುತ್ತದೆ.

3. ಫೋಟೊ ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂದು ಮೊದಲೇ ಹೇಳುತ್ತೇವೆ. "ಬೇಡ" ಎಂದರೆ ಎರಡನೇ ಸಲ ಕೇಳುವುದಿಲ್ಲ. ನಾಳೆ ಮನಸ್ಸು ಬದಲಿಸಿದರೂ ಅಳಿಸುತ್ತೇವೆ.

4. ಹಣ ಅಥವಾ ಊಟ ಕೊಡುವ ದಿನ ಫೋಟೊ ತೆಗೆಯುವುದಿಲ್ಲ. ಎರಡನ್ನೂ ಬೇರೆ ಬೇರೆ ಇಡುತ್ತೇವೆ.

5. ಫೋಟೊದ ಒಂದು ಪ್ರತಿ ಅವರಿಗೆ ಕೊಡುತ್ತೇವೆ. ಕೆಳಗೆ ಬರೆಯುವ ಸಾಲನ್ನು ಅವರಿಗೆ ಓದಿ ಹೇಳುತ್ತೇವೆ.

ನಾವು ಏನು ಮಾಡಬಹುದು?

ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರದ ಹತ್ತಿರ "ಭಿಕ್ಷುಕರ ಕರ" ಎಂಬ ಸಾಲು ಇರುತ್ತದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975ರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 3 ವಸೂಲಿ ಮಾಡಿ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಬಳಸುತ್ತಾರೆ. ಮನೆ ತೆರಿಗೆ 1,000 ರೂಪಾಯಿ ಇದ್ದರೆ 30 ರೂಪಾಯಿ. ಅಂದರೆ ನಾವೆಲ್ಲ ಈಗಾಗಲೇ ಕೊಡುತ್ತಿದ್ದೇವೆ. ಕೊಟ್ಟ ಮೇಲೆ ಅದು ಹೇಗೆ ಖರ್ಚಾಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಹಮಾಲಿ ಕಾಕಾ, ಅಜ್ಜಿ, ಚಾಚಾ ಯಾರೂ ಭಿಕ್ಷುಕರಲ್ಲ. ಅವರಿಗೆ ಬೇಕಾದದ್ದು ಬೇರೆ.

ಅದು ರಾತ್ರಿ ತಂಗುವ ಜಾಗ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ ಇರಬೇಕು, ತಲೆಗೆ 50 ಚದರ ಅಡಿ ಜಾಗ ಇರಬೇಕು. 2011ರಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.4 ಲಕ್ಷ. ಗುಣಿಸಿದರೆ ಕನಿಷ್ಠ 940 ಜನರಿಗೆ ಹಾಸಿಗೆ. ಯಾವುದೇ ನಗರದ ಆಶ್ರಯಗಳನ್ನು ಈ ಅಳತೆಯಲ್ಲಿ ಅಳೆದು ನೋಡಬಹುದು. ನಮ್ಮ ಮುಂದಿನ ಪ್ರಾಜೆಕ್ಟ್ ಇದೇ ಆಗಲಿ ಎಂದು ನನ್ನ ಕೋರಿಕೆ.

ವಿಳಾಸ ಇಲ್ಲದವರಿಗೂ ಮತ ಇದೆ. ಅವರು ನಮೂನೆ 6 ಕೊಟ್ಟರೆ ವಿಳಾಸದ ದಾಖಲೆ ಕೇಳುವುದಿಲ್ಲ. ಅವರು ಹೇಳಿದ ಜಾಗದಲ್ಲಿ ನಿಜವಾಗಿ ಮಲಗುತ್ತಾರೆಯೇ ಎಂದು ಮತಗಟ್ಟೆ ಅಧಿಕಾರಿ ರಾತ್ರಿ ಹೋಗಿ ನೋಡಬೇಕು. ಮಾನಸಿಕ ಕಾಯಿಲೆಯಿಂದ ಅಲೆಯುವವರನ್ನು ರಕ್ಷಿಸುವುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 100ನೇ ಕಲಂ ಪ್ರಕಾರ ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಭಾಗಕ್ಕೆ ಧಾರವಾಡದ ಡಿಮ್ಹಾನ್ಸ್ ಇದೆ. ಒಂಟಿ ಮಗು ಕಂಡರೆ 1098, ದಿಕ್ಕಿಲ್ಲದ ಹಿರಿಯರು ಕಂಡರೆ 14567, ಕಾಯಿಲೆ ಬಿದ್ದವರು ಕಂಡರೆ 108, ಅಪಾಯವಿದ್ದರೆ 112. ಈ ನಾಲ್ಕು ನಂಬರುಗಳನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.

ಇನ್ನೊಂದು ಕೆಲಸ ನಮ್ಮಂಥ ಪಿಯು ವಿದ್ಯಾರ್ಥಿಗಳಿಗೇ ಸರಿಹೊಂದುವುದು: ಅರ್ಜಿ ತುಂಬುವುದು. ನಮಗೆ ಕನ್ನಡ ಬರೆಯಲು ಬರುತ್ತದೆ, ಮನೆಯಲ್ಲಿ ಉರ್ದು ಮಾತಾಡುತ್ತೇವೆ, ಲೆಕ್ಕ ಗೊತ್ತು. ಕಚೇರಿಯ ಭಾಷೆ ಅರ್ಥವಾಗದವರಿಗೆ ಒಂದು ಗಂಟೆ ಕೂತು ಅರ್ಜಿ ತುಂಬಿಕೊಟ್ಟರೆ ಅದು ಹಣಕ್ಕಿಂತ ದೊಡ್ಡದು.

ಯೋಚಿಸಿ ನೋಡಿ

1. ನಿಮ್ಮ ಮನೆಯಲ್ಲಿ ಒಬ್ಬರ ಊಟದ ತಿಂಗಳ ಖರ್ಚು ಎಷ್ಟು? ಒಲೆ, ಕಪಾಟು, ಕೀಲಿ ಇಲ್ಲದಿದ್ದರೆ ಅದು ಎಷ್ಟಾಗುತ್ತಿತ್ತು?

2. ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ದಿನವೂ ಕಾಣುವ ಒಬ್ಬರ ಹೆಸರು ನಿಮಗೆ ಗೊತ್ತೇ?

3. ಚಾಚಾಗೆ ಪಿಂಚಣಿ ಮಂಜೂರಾದರೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಹಮಾಲಿ ಕಾಕಾ ಅವರ ಲೆಕ್ಕದ ಪ್ರಕಾರ ಅದು ಐದು ದಿನಕ್ಕೂ ಸಾಲದು. ಉಳಿದ ಇಪ್ಪತ್ತೈದು ದಿನಗಳ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು?